ನೀರು ಯಾರಿಗೆ ಕಾಯ್ತಾ ಇದೆ?

ಓದುಗರ ಪ್ರಶ್ನೆ: "ಮೇಡಂ, ನನ್ನ ಮಗಳಿಗೆ 5 ವರ್ಷ 4 ತಿಂಗಳು. ಯುಕೆಜಿಗೆ ಹೋಗುತ್ತಾಳೆ. ನಾವು ದಾವಣಗೆರೆಯಲ್ಲಿದ್ದೇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಅತ್ತೆಯವರು ಧಾರವಾಡದ ಕಡೆಯವರು. ನನ್ನ ತವರು ತೀರ್ಥಹಳ್ಳಿ ಹತ್ತಿರ. ಮಗಳು ಇಡೀ ದಿನ ಮಾತಾಡುತ್ತಾಳೆ. ಆದರೆ ಒಂದೇ ಪದಕ್ಕೆ ಎರಡು ಅರ್ಥ ಬಂದರೆ ಗೊಂದಲ ಮಾಡಿಕೊಳ್ಳುತ್ತಾಳೆ. ಬೆಳಿಗ್ಗೆ 'ಸ್ನಾನಕ್ಕೆ ನೀರು ಕಾಯ್ತಾ ಇದೆ' ಅಂದರೆ 'ಯಾರಿಗೆ ಕಾಯ್ತಾ ಇದೆ?' ಅಂತ ಕೇಳುತ್ತಾಳೆ. ತವರಿಗೆ ಹೋದಾಗ ನಮ್ಮಮ್ಮ 'ದನ ಕರೀಬೇಕು' ಅಂತ ಎದ್ದರು. ಇವಳು ಅಂಗಳಕ್ಕೆ ಓಡಿ 'ಗೌರೀ ಬಾ, ಗೌರೀ ಬಾ' ಅಂತ ಕೂಗಿದಳು. ಎಲ್ಲರೂ ನಕ್ಕರು. ಇವಳು ಅತ್ತುಬಿಟ್ಟಳು. ಹೋದ ತಿಂಗಳು ಪಕ್ಕದ ಮನೆ ಹುಡುಗನಿಗೆ 'ಅಮ್ಮ ಆಗಿದೆ' ಅಂತ ನಾವು ಮಾತಾಡಿದ್ದು ಕೇಳಿ, ಎರಡು ರಾತ್ರಿ ನನ್ನ ಸೆರಗು ಹಿಡಿದೇ ಮಲಗಿದಳು. ಶಾಲೆಯಲ್ಲಿ 12 ನಾನಾರ್ಥ ಪದಗಳ ಪಟ್ಟಿ ಕೊಟ್ಟಿದ್ದಾರೆ. ಬಾಯಿಪಾಠ ಒಪ್ಪಿಸುತ್ತಾಳೆ, ಮಾತಿನಲ್ಲಿ ಬಂದರೆ ಗೊತ್ತಾಗುವುದಿಲ್ಲ. ಎರಡು ಭಾಷೆ, ಎರಡು ಕಡೆಯ ಕನ್ನಡ ಕಲಸಿದ್ದಕ್ಕೇ ಹೀಗಾಯಿತು ಅಂತ ಕೆಲವರು ಹೇಳುತ್ತಾರೆ. ಅವಳ ಬುದ್ಧಿ ನಿಧಾನವಾ? ದೊಡ್ಡವಳಾಗುವ ತನಕ ಒಂದೊಂದೇ ಅರ್ಥ ಕಲಿಸಿದರೆ ಸಾಕಾ? ಬೇರೆ ಏನೂ ತೊಂದರೆ ಇಲ್ಲ. ನೆಗಡಿ ಜಾಸ್ತಿ, ಆಗಾಗ ಕಿವಿ ನೋವು ಅಂತಾಳೆ, ಅಷ್ಟೇ."

ಉತ್ತರ: ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ ಹೇಳುತ್ತೇನೆ. "ನೀರು ಯಾರಿಗೆ ಕಾಯ್ತಾ ಇದೆ?" ಅನ್ನುವುದು ಬುದ್ಧಿ ನಿಧಾನ ಇರುವ ಮಗುವಿನ ಪ್ರಶ್ನೆ ಅಲ್ಲ. ಅದನ್ನು ಸ್ವಲ್ಪ ಬಿಡಿಸಿ ನೋಡಿ. ಕಾಯುವುದು ಅಂದರೆ ಯಾರಿಗಾದರೂ ಕಾಯಬೇಕು ಎಂದು ಅವಳಿಗೆ ಗೊತ್ತು. ಅದಕ್ಕೇ ಸರಿಯಾಗಿ "ಯಾರಿಗೆ" ಎಂದು ಕೇಳಿದ್ದಾಳೆ. ಈ "ಗೆ" ಎಲ್ಲಿ ಸೇರಬೇಕು ಎಂದು ಅವಳಿಗೆ ಯಾರೂ ಪಾಠ ಮಾಡಿಲ್ಲ, ಕೇಳಿ ಕೇಳಿ ಹಿಡಿದಿದ್ದಾಳೆ. ನೀವು ಹೇಳಿದ ಮಾತಿನಲ್ಲಿ ಆ "ಗೆ" ಇರಲಿಲ್ಲ. ಇಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸಿತು, ಕೇಳಿದಳು. ನಾನು ಮಕ್ಕಳ ಮಾತು ಮತ್ತು ಭಾಷೆಯ ಚಿಕಿತ್ಸೆ ಮಾಡುತ್ತಾ 22 ವರ್ಷ ಆಯಿತು. ಹೀಗೆ ತಡೆದು ಕೇಳುವ ಮಕ್ಕಳ ಬಗ್ಗೆ ನನಗೆ ಚಿಂತೆ ಆಗುವುದಿಲ್ಲ. ಅರ್ಥ ಆಗದಿದ್ದರೂ ಸುಮ್ನೆ ತಲೆಯಾಡಿಸುವ ಮಕ್ಕಳ ಬಗ್ಗೆ ಆಗುತ್ತದೆ.

ಹಾಗಾದರೆ ಗೊಂದಲ ಯಾಕೆ? ಚಿಕ್ಕ ಮಕ್ಕಳು ಪದ ಕಲಿಯುವಾಗ ತಮಗೆ ತಾವೇ ಒಂದು ನಿಯಮ ಇಟ್ಟುಕೊಂಡಿರುತ್ತಾರೆ: ಒಂದು ಸದ್ದಿಗೆ ಒಂದು ಅರ್ಥ. ಈ ನಿಯಮ ತುಂಬಾ ಉಪಕಾರಿ. ಇದಿಲ್ಲದಿದ್ದರೆ ಪ್ರತಿ ಸಲ "ಬಟ್ಟಲು" ಅಂದಾಗಲೂ ಇವರು ಹೇಳುತ್ತಿರುವುದು ಆ ಬಟ್ಟಲೋ, ಬೇರೆ ಏನಾದರೂ ಇದೆಯೋ ಎಂದು ಮಗು ಯೋಚಿಸುತ್ತಾ ಕೂರಬೇಕಾಗುತ್ತಿತ್ತು. ಸುಮಾರು 4 ವರ್ಷದ ಹೊತ್ತಿಗೆ ಈ ನಿಯಮ ಸಡಿಲ ಆಗತೊಡಗುತ್ತದೆ. ನನ್ನ ಮನಸ್ಸಿನಲ್ಲಿರುವುದೇ ಅಪ್ಪನ ಮನಸ್ಸಿನಲ್ಲೂ ಇರಬೇಕೆಂದಿಲ್ಲ ಎಂದು ಮಕ್ಕಳಿಗೆ ಗೊತ್ತಾಗುವುದೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ. ಆದರೆ ಸಡಿಲ ಆಗಿದ್ದು ಪೂರ್ತಿ ಬಿಟ್ಟುಹೋಗಲು ವರ್ಷಗಳೇ ಬೇಕು. ಗೊತ್ತಿರುವ ಪದವನ್ನೇ ಹೊಸ ಅರ್ಥದಲ್ಲಿ ಬಳಸಿದ ಕತೆಗಳನ್ನು ಮಕ್ಕಳಿಗೆ ಹೇಳಿ ನೋಡಿದ ಪ್ರಯೋಗಗಳಿವೆ. ಕತೆಗೆ ಹೊಂದದಿದ್ದರೂ ಮಕ್ಕಳು ಹಳೆಯ ಅರ್ಥವನ್ನೇ ಹಿಡಿದುಕೊಂಡರು. ಶಾಲೆಗೆ ಹೋಗುವ ಮಕ್ಕಳೂ ಹಾಗೇ ಮಾಡಿದರು. ನಿಮ್ಮ ಮಗಳು "ಗೌರೀ ಬಾ" ಅಂದಿದ್ದೂ ಇದೇ.

ಈ ಕರೆಯುವ ವಿಷಯದಲ್ಲಿ ತಪ್ಪು ಅವಳದಂತೂ ಅಲ್ಲ. ಹಳಗನ್ನಡದಲ್ಲಿ ಕೂಗುವ ಕರೆಗೆ ನಮ್ಮ ಈಗಿನ "ರ" ಇತ್ತು. ಹಾಲು ಕರೆಯುವುದಕ್ಕೂ, ಬಟ್ಟೆಯ ಮೇಲಿನ ಕರೆಗೂ ಬೇರೆ ಅಕ್ಷರ ಇತ್ತು: ಕಱೆ. ಕೇಳಿದರೂ ಬೇರೆ, ಬರೆದರೂ ಬೇರೆ. ಹಾಗೇ ನೀರು ಹರಿಯುವುದು "ಪರಿ", ಬಟ್ಟೆ ಹರಿಯುವುದು "ಪಱಿ". ಆ ಱ ಮಾತಿನಿಂದ ಹೋಯಿತು, ಆಮೇಲೆ ಬರಹದಿಂದಲೂ ಹೋಯಿತು. ಎರಡು ಪದಗಳು ಒಂದೇ ಅಂಗಿ ತೊಟ್ಟು ನಿಂತವು. ನಿಮ್ಮ ಅಮ್ಮ ದೊಡ್ಡಿಗೆ ಹೊರಟಿದ್ದು ಒಂದು ಪದ ಹಿಡಿದು, ಮಗಳು ಅಂಗಳಕ್ಕೆ ಓಡಿದ್ದು ಇನ್ನೊಂದು ಪದ ಹಿಡಿದು. ಧಾರವಾಡದ ಅಜ್ಜಿ ಆಗಿದ್ದರೆ "ಹಾಲು ಹಿಂಡಬೇಕು" ಅನ್ನುತ್ತಿದ್ದರು, ಈ ಪ್ರಶ್ನೆಯೇ ಬರುತ್ತಿರಲಿಲ್ಲ. (ಆಗ "ದನದ ಹಿಂಡು" ಕಾಯುತ್ತಿತ್ತು, ಅದು ಬೇರೆ ಮಾತು.)

ಎರಡು ಭಾಷೆ, ಎರಡು ಕಡೆಯ ಕನ್ನಡ ಕಲಸಿದ್ದಕ್ಕೇ ಹೀಗಾಯಿತು ಅನ್ನುವುದು ತಪ್ಪು ತಿಳಿವಳಿಕೆ. ಈ ಮಾತಿನಿಂದ ಎಷ್ಟೋ ಮನೆಗಳಲ್ಲಿ ಅಜ್ಜಿಯರು ಮೊಮ್ಮಕ್ಕಳ ಜೊತೆ ಮಾತಾಡಲೇ ಹಿಂಜರಿಯುವುದನ್ನು ನೋಡಿದ್ದೇನೆ, ಸಂಕಟ ಆಗುತ್ತದೆ. ಎರಡು ಭಾಷೆ ಕೇಳಿದ್ದರಿಂದ ಮಗುವಿಗೆ ಭಾಷೆಯ ತೊಂದರೆ ಬರುವುದಿಲ್ಲ. ಕರ್ನಾಟಕದಲ್ಲಿ ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಆಡಿ, ಬೀದಿಯಲ್ಲಿ ಕನ್ನಡ ಆಡಿ ಬೆಳೆದವರು ಎಷ್ಟು ಜನ ಇದ್ದಾರೆ, ಅಲ್ವಾ? ಕಿವಿಗೆ ಒಂದೇ ಥರ ಬೀಳುವ ಪದಗಳು ಸ್ವಲ್ಪ ಜಾಸ್ತಿ ಆಗುತ್ತವೆ, ಅಷ್ಟು ನಿಜ. "ಅಪ್ಪನಿಗೆ ಕಾಲ್ ಮಾಡು" ಅನ್ನುವುದರಲ್ಲಿ ಕಾಲು ಎಲ್ಲಿಂದ ಬಂತು ಎಂದು ಒಬ್ಬ ಹುಡುಗ ನನ್ನನ್ನೇ ಕೇಳಿದ್ದ. ಅತ್ತೆಯವರು "ಮನಿಗೆ ಬಾ" ಅನ್ನುತ್ತಾರೆ, ಶಾಲೆಯಲ್ಲಿ "ಮನಿ" ಅಂದರೆ ದುಡ್ಡು. ಅದರಿಂದ ಮಗುವಿಗೆ ನಷ್ಟವೇನೂ ಇಲ್ಲ. ಯಾರು ಹೇಳುತ್ತಿದ್ದಾರೆ, ಎಲ್ಲಿ ಹೇಳುತ್ತಿದ್ದಾರೆ ಎಂದು ನೋಡಿ ಅರ್ಥ ಹಿಡಿಯುವ ಅಭ್ಯಾಸ ಇಂಥ ಮನೆಯಲ್ಲೇ ಬೆಳೆಯುವುದು. ಅತ್ತೆಯವರು ತಮ್ಮ ಮಾತನ್ನೇ ಆಡಲಿ.

ಇನ್ನು ಕಲಿಸುವ ಮಾತು. ಪಟ್ಟಿಯಲ್ಲಿ ಎಲ್ಲವನ್ನೂ "ನಾನಾರ್ಥ" ಎಂದು ಒಂದೇ ಗೂಡಿಗೆ ಹಾಕುತ್ತಾರೆ. ಒಳಗೆ ಎರಡು ಜಾತಿ ಇವೆ. ಒಂದು, ಸಂಬಂಧ ಇಲ್ಲದ ಪದಗಳು ಕಾಕತಾಳೀಯವಾಗಿ ಒಂದೇ ಥರ ಕೇಳಿಸುವುದು: ಆಡು ಅಂದರೆ ಮೇಕೆ, ಆಡು ಅಂದರೆ ಆಟ ಆಡು. ಇನ್ನೊಂದು, ಒಂದೇ ಪದ ಕೈಕಾಲು ಚಾಚಿ ಬೇರೆ ಬೇರೆ ಕಡೆ ಹೋಗಿರುವುದು: ನಮ್ಮ ಕಣ್ಣು, ತೆಂಗಿನಕಾಯಿಯ ಕಣ್ಣು, ನವಿಲುಗರಿಯ ಕಣ್ಣು, ಕಬ್ಬಿನ ಗಿಣ್ಣಿನ ಹತ್ತಿರ ಮೊಳಕೆ ಬರುವ ಕಣ್ಣು. ಮಕ್ಕಳಿಗೆ ಎರಡನೆಯದು ಸುಲಭ. ತೆಂಗಿನಕಾಯಿ ಕೈಗೆ ಕೊಟ್ಟು "ಇದಕ್ಕೆ ಕಣ್ಣು ಅಂತ ಯಾಕೆ ಅಂತಾರೆ, ನೋಡು" ಅಂದರೆ ಸಾಕು, ಅವರೇ ಹೇಳುತ್ತಾರೆ. ಆಮೇಲೆ ಅವರೇ ಬಾಚಣಿಗೆಯ ಹಲ್ಲು, ಬಾಣಲೆಯ ಕಿವಿ, ಮಡಕೆಯ ಬಾಯಿ ಹುಡುಕಿಕೊಂಡು ಬರುತ್ತಾರೆ. ಮೊದಲ ಜಾತಿಗೆ ಹೀಗೆ ಮಾಡಬೇಡಿ. ಆಡಿಗೂ ಆಟಕ್ಕೂ ಒಂದು ಕತೆ ಕಟ್ಟಿ ಗಂಟು ಹಾಕಿದರೆ ಮಗು ಆ ಕತೆಯನ್ನು ನಿಜ ಎಂದೇ ನಂಬುತ್ತದೆ. "ಇವು ಎರಡು ಬೇರೆ ಪದ, ಕೇಳೋಕೆ ಒಂದೇ ಥರ" ಎಂದು ಹೇಳಿಬಿಡಿ. ನಿಮ್ಮ ಮಗಳ ತರಗತಿಯಲ್ಲೇ ಒಂದೇ ಹೆಸರಿನ ಇಬ್ಬರು ಹುಡುಗಿಯರು ಇರಬಹುದು. ಆ ಉದಾಹರಣೆ ಕೊಡಿ, ತಕ್ಷಣ ಹೊಳೆಯುತ್ತದೆ.

ಕನ್ನಡದಲ್ಲಿ ಇನ್ನೂ ಒಂದು ಅನುಕೂಲ ಇದೆ, ಇದನ್ನು ಪಟ್ಟಿಗಳು ಪೂರ್ತಿ ಮರೆತುಬಿಡುತ್ತವೆ. "ಹತ್ತು ಮರ" ಅನ್ನಿ. ಈಗ "ಮರ ಹತ್ತು" ಅನ್ನಿ. ಪದ ಎರಡೇ, ಜಾಗ ಅದಲುಬದಲಾದರೆ ಎಣಿಕೆ ಹೋಗಿ ಕೆಲಸ ಬಂತು. ಸಂಖ್ಯೆ ಮುಂದೆ ಕೂರುತ್ತದೆ, ಮಾಡುವ ಕೆಲಸ ಕೊನೆಗೆ ಬರುತ್ತದೆ. "ಏಳು", "ಆರು" ಕೂಡ ಹಾಗೇ. ನೀವು ಗಮನಿಸಿದ್ದೀರೋ ಇಲ್ಲವೋ, ಏಳು, ಹತ್ತು ಎಂಬ ಕೆಲಸದ ಪದ ಸಂಖ್ಯೆಯ ಹಾಗೇ ಕೇಳಿಸುವುದು ಹೆಚ್ಚಾಗಿ ಚಿಕ್ಕವರಿಗೆ, ಸಲಿಗೆಯವರಿಗೆ ಹೇಳುವಾಗ. ಅಜ್ಜನಿಗೆ "ಏಳಿ, ಬಸ್ಸು ಹತ್ತಿ" ಅನ್ನುತ್ತೀರಿ. ಮಗುವಿಗೆ "ಏಳು, ಬೇಗ ಹತ್ತು" ಅನ್ನುತ್ತೀರಿ. ದೊಡ್ಡವರು ಎದ್ದರು, ಹತ್ತಿದರು. ಸಂಖ್ಯೆಯೂ ಕೆಲಸವೂ ಒಂದೇ ಆಗಿ ಬೀಳುವುದು ಹೆಚ್ಚಾಗಿ ಮಗುವಿನ ಕಿವಿಗೇ. ಅದಕ್ಕೇ ಇದು ಅವರಿಗೆ ಕಷ್ಟ, ನಮಗೆ ಕಾಣಿಸುವುದೇ ಇಲ್ಲ. ಹತ್ತು ಮೆಟ್ಟಿಲು ಎಣಿಸುತ್ತಾ ಹತ್ತುವ ಆಟ ಆಡಿ. "ಹತ್ತು ಮೆಟ್ಟಿಲು ಹತ್ತು" ಎಂದು ಅವಳೇ ನಿಮಗೆ ಅಪ್ಪಣೆ ಕೊಡಲಿ. ಪದದ ಅರ್ಥ ಅಲ್ಲಿ ಕಾಲಿಗೇ ಗೊತ್ತಾಗುತ್ತದೆ.

ನೀರಿನ ಪ್ರಶ್ನೆಗೂ ಹೀಗೇ ಉತ್ತರ ಕೊಡಿ. "ನೀರು ಬಿಸಿ ಆಗ್ತಾ ಇದೆ. ಬಿಸಿ ಆಗೋದಕ್ಕೂ ಕಾಯೋದು ಅಂತೀವಿ. ಹಂಡೆಯಲ್ಲಿ ನೀರು ಕಾಯ್ತಾ ಇದೆ, ನಾವಿಬ್ಬರೂ ನೀರಿಗೆ ಕಾಯ್ತಾ ಇದ್ದೀವಿ." ಇಷ್ಟೇ. ಅವಳು ಹುಡುಕುತ್ತಿದ್ದ "ಗೆ" ಎರಡನೇ ಮಾತಿನಲ್ಲಿ ಸಿಕ್ಕಿತು, ಮೊದಲನೆಯದರಲ್ಲಿ ಯಾಕಿಲ್ಲ ಎಂದೂ ತಿಳಿಯಿತು. ಕುರಿ ಕಾಯುವ ಮೂರನೇ ಅರ್ಥವನ್ನು ಅದೇ ಉಸಿರಿನಲ್ಲಿ ಸೇರಿಸಬೇಡಿ. ಕುರಿ ಮಂದೆ ಕಂಡ ದಿನ ಹೇಳಿದರೆ ಆಯಿತು.

ಒಂದು ಪದದ ಮೇಲೆ ಜಾಸ್ತಿ ಹೊತ್ತು ನಿಲ್ಲಬೇಕು ಅಂದರೆ ನಾನು ಯಾವಾಗಲೂ ಚೌಕಾಬಾರದ ಹಲಗೆ ತೆಗೆಯುತ್ತೇನೆ. ನಮ್ಮ ಚಿಕಿತ್ಸೆಯ ಕೋಣೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆದುಕೊಂಡರೂ ಆಗುತ್ತದೆ. ಮನೆ ಅಂದರೆ ವಾಸದ ಮನೆ ಎಂದಷ್ಟೇ ತಿಳಿದ ಮಗು ಅಲ್ಲಿ "ನನ್ನ ಕಾಯಿ ನಾಲ್ಕು ಮನೆ ಹೋಗಬೇಕು" ಅನ್ನುತ್ತದೆ. ಕಾಯಿ ಅಂದರೆ ಮಾವಿನಕಾಯಿ ಅಲ್ಲ, ಹುಣಸೆ ಬೀಜವೋ ಬಳೆಚೂರೋ. ಅದು ಸುತ್ತಿ ಸುತ್ತಿ ನಡುಮನೆ ಸೇರಿದರೆ "ಹಣ್ಣಾಯಿತು". ಕಾಯಿ ಹಣ್ಣಾಗುವುದು ಮರದಲ್ಲೂ ಇದೆ, ಹಲಗೆಯ ಮೇಲೂ ಇದೆ. ಒಬ್ಬಳು ಹುಡುಗಿ, ನಿಮ್ಮ ಮಗಳ ವಯಸ್ಸೇ ಇರಬೇಕು, ತನ್ನ ಬಳೆಚೂರು ನಡುಮನೆ ಸೇರಿದ ಮೇಲೆ ಎತ್ತಿಕೊಂಡು ಮೂಸಿ ನೋಡಿದಳು. "ಹಣ್ಣಿನ ವಾಸನೆ ಇಲ್ಲ, ಆದ್ರೂ ಹಣ್ಣು" ಎಂದಳು. ಒಂದು ಪದಕ್ಕೆ ಎರಡು ಅರ್ಥ ಇರಬಹುದು ಎಂದು ಅವಳಿಗೆ ಗೊತ್ತಾದ ಕ್ಷಣ ಅದು. ಆಮೇಲೆ ಅವಳ ಅಮ್ಮ ಹೇಳಿದರು, ಮನೆಯಲ್ಲಿ ದಿನವಿಡೀ ಇಂಥ ಪದಗಳನ್ನೇ ಹುಡುಕುತ್ತಿದ್ದಾಳಂತೆ.

ಅಡುಗೆಮನೆಯೂ ಒಳ್ಳೆಯ ಜಾಗ. "ಕಟ್ಟು" ಎಂಬ ಒಂದೇ ಪದ ತೆಗೆದುಕೊಳ್ಳಿ. ಸೊಪ್ಪಿನ ಕಟ್ಟು, ಹೂ ಕಟ್ಟು, ಮನೆ ಕಟ್ಟು, ಶಾಲೆಗೆ ಫೀಸು ಕಟ್ಟು, ನೆಗಡಿಗೆ ಮೂಗು ಕಟ್ಟಿತು, ಬೇಳೆ ಬಸಿದ ಕಟ್ಟಿನ ಸಾರು. ಒಂದೇ ದಿನ ಎಲ್ಲ ಹೇಳುವುದಲ್ಲ. ಹೂ ಕಟ್ಟುವಾಗ ಹೂವಿನದು, ಸಾರು ಮಾಡುವಾಗ ಸಾರಿನದು. ಸಂತೆಯಲ್ಲಿ "ಕಾಲು ಕಿಲೋ ಬೀನ್ಸ್" ಅಂದಾಗ ಅವಳು ನಿಮ್ಮ ಕಾಲು ನೋಡಿದರೆ, ಮನೆಗೆ ಬಂದು ಒಂದು ಚಪಾತಿಯನ್ನು ನಾಲ್ಕು ಮಾಡಿ ಒಂದು ತುಂಡು ಕೈಗೆ ಕೊಡಿ. ಇದು ಕಾಲು ಚಪಾತಿ. ಮೂರು ತುಂಡು ಮುಕ್ಕಾಲು ಚಪಾತಿ. ತಿಂದ ಮೇಲೆ ಮರೆಯುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳನ್ನೂ ಅವುಗಳ ತೊಡಕನ್ನೂ ಹೇಳುತ್ತೇನೆ. ಏನೂ ಮಾಡದೆ ಬಿಟ್ಟರೂ ದಿನಬಳಕೆಯ ಅರ್ಥಗಳನ್ನು ಅವಳು ಕಲಿತೇ ಕಲಿಯುತ್ತಾಳೆ. ಆದರೆ ಮನೆಯಲ್ಲಿ ಕೇಳಿಬಾರದ ಅರ್ಥಗಳು ಹಾಗೇ ಉಳಿಯುತ್ತವೆ. ನೆರೆ ಅಂದರೆ ಪಕ್ಕದವರು ಎಂದಷ್ಟೇ ಗೊತ್ತಿದ್ದರೆ, ಪುಸ್ತಕದಲ್ಲಿ "ನೆರೆ ಬಂದು ಊರು ಮುಳುಗಿತು" ಎಂದು ಓದಿದಾಗ ಮಗು ಅಲ್ಲೇ ಎಡವುತ್ತದೆ. ದೊಡ್ಡವಳಾಗುವ ತನಕ ಒಂದೇ ಅರ್ಥ ಎಂದು ತಡೆಹಿಡಿಯುವುದು ನನಗೆ ಒಪ್ಪಿಗೆ ಇಲ್ಲ. ಅದು ಆಗುವ ಕೆಲಸವೂ ಅಲ್ಲ. ಮನೆಯವರೆಲ್ಲ ಮಾತು ನಿಲ್ಲಿಸಬೇಕಾಗುತ್ತದೆ. ಬಾಯಿಪಾಠ ಮಾಡಿಸಿದರೆ ಶಾಲೆಯಲ್ಲಿ ಮಾರ್ಕ್ಸ್ ಬರುತ್ತದೆ, ಆದರೆ "ಕರೆ ಅಂದರೆ ಕೂಗು, ಕಲೆ" ಎಂದು ಜೋಡಿಯಾಗಿ ಕಲಿತದ್ದು ಜೋಡಿಯಾಗೇ ಉಳಿಯುತ್ತದೆ. ಮಾತಿನಲ್ಲಿ ಬಂದಾಗ ಎರಡರಲ್ಲಿ ಯಾವುದು ಎಂದು ಅದು ಹೇಳಿಕೊಡುವುದಿಲ್ಲ. ಎರಡೂ ಹೊಸ ಅರ್ಥಗಳನ್ನು ಒಟ್ಟಿಗೆ ಕೊಟ್ಟರಂತೂ ಒಂದರೊಳಗೆ ಒಂದು ಸಿಕ್ಕಿಕೊಳ್ಳುತ್ತದೆ. ಒಂದು ಅರ್ಥ ಚೆನ್ನಾಗಿ ಬೇರುಬಿಟ್ಟ ಮೇಲೆ ಇನ್ನೊಂದನ್ನು ತರುವುದು ಒಳ್ಳೆಯದು.

ಮಾತಿನ ನಡುವೆ, ಕೆಲಸದ ನಡುವೆ ಹೇಳಿಕೊಡುವುದೇ ನನ್ನ ಆಯ್ಕೆ. ಅದಕ್ಕೂ ತೊಡಕಿದೆ. ನಿಧಾನ. ಉತ್ಸಾಹ ಹೆಚ್ಚಾದರೆ ಪ್ರತಿ ಮಾತೂ ಪಾಠ ಆಗಿಬಿಡುತ್ತದೆ. ಮಗು "ಅಮ್ಮ, ನಂಗೆ ಊಟ ಕೊಡು" ಅಂದು ಸುಮ್ಮನಾಗುತ್ತದೆ. ದಿನಕ್ಕೆ ಒಂದು ಸಲ ಸಾಕು, ಅದೂ ಅವಳಾಗಿ ಕೇಳಿದಾಗ. ಪದದ ಮೇಲೆ ತಮಾಷೆ, ಒಗಟು ಮಾಡುವುದು ಚೆಂದ. ಅದು ಹೆಚ್ಚಿನ ಮಕ್ಕಳಿಗೆ ರುಚಿಸುವುದು 6-7 ವರ್ಷದ ಮೇಲೆ. ಅದಕ್ಕಿಂತ ಮುಂಚೆ ಮಕ್ಕಳು ನಗುವುದು ನಾವು ನಕ್ಕಿದ್ದಕ್ಕೆ.

ನಗುವಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಂಗಳದಲ್ಲಿ ಎಲ್ಲರೂ ನಕ್ಕಿದ್ದು ಪ್ರೀತಿಯಿಂದಲೇ, ನನಗೆ ಗೊತ್ತು. ಆದರೆ ಅವಳಿಗೆ ಯಾಕೆ ನಕ್ಕರು ಎಂದು ಗೊತ್ತಿರಲಿಲ್ಲ. ಹಾಗೆ ಎರಡು ಮೂರು ಸಲ ಆದರೆ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಮುಂದಿನ ಸಲ ತವರಿಗೆ ಹೋದಾಗ ಅವಳನ್ನು ದೊಡ್ಡಿಗೆ ಕರೆದುಕೊಂಡು ಹೋಗಿ. ಅಜ್ಜಿ ಮೊದಲು "ಗೌರೀ" ಎಂದು ಕರೆಯಲಿ, ಆಮೇಲೆ ತಂಬಿಗೆ ಹಿಡಿದು ಹಾಲು ಕರೆಯಲಿ. ಎರಡು ಕರೆಯೂ ಅವಳ ಕಣ್ಣೆದುರು ಆಗಲಿ. ಅವಳದೂ ಅರ್ಧ ಸರಿ ಇತ್ತು ಎಂದು ಅಜ್ಜಿಯೇ ಹೇಳಿದರೆ ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ, ಮೊಬೈಲಿನಲ್ಲಿ ಸಿಗುವ ಚಿತ್ರದ ಕಾರ್ಡುಗಳ ಬಗ್ಗೆ ಒಂದು ಮಾತು. ತುಂಬಾ ಕಾರ್ಡುಗಳು ಇಂಗ್ಲಿಷಿನಿಂದ ಇಳಿಸಿದವು. ಇಂಗ್ಲಿಷಿನಲ್ಲಿ "ಬ್ಯಾಟ್" ಎರಡು ಅರ್ಥದ ಪದ. ನಮಗೆ ಅದು ಬ್ಯಾಟು ಮತ್ತು ಬಾವಲಿ, ಎರಡು ಬೇರೆ ಪದ, ಗೊಂದಲಕ್ಕೆ ಜಾಗವೇ ಇಲ್ಲ. ಕನ್ನಡದ ಎಷ್ಟೋ ಎರಡರ್ಥದ ಪದಗಳು ಕೆಲಸ ಹೇಳುವವು: ಕಾಯು, ಹರಿ, ಕಟ್ಟು, ಆರು. ಅವು ನಿಂತ ಚಿತ್ರದಲ್ಲಿ ಸಿಗುವುದು ಕಷ್ಟ.

"ಅಮ್ಮ ಆಗಿದೆ" ಎಂಬುದನ್ನು ಬೇರೆಯಾಗಿ ಇಟ್ಟಿದ್ದೇನೆ, ಯಾಕೆಂದರೆ ಅದು ಬರೀ ಪದದ ವಿಷಯ ಅಲ್ಲ. ಚಿಕನ್ ಪಾಕ್ಸ್‌ಗೆ ನಾವು ಭಕ್ತಿಯಿಂದ, ಭಯದಿಂದ ಅಮ್ಮ ಅನ್ನುತ್ತೇವೆ. 5 ವರ್ಷದವಳಿಗೆ ಅಮ್ಮ ಅಂದರೆ ನೀವು ಒಬ್ಬರೇ. ಒಬ್ಬ ಹುಡುಗನಿಗೆ ಇನ್ನೊಬ್ಬ ಅಮ್ಮ "ಆಗಬಹುದು" ಅಂದರೆ ತನ್ನ ಅಮ್ಮ ಎಲ್ಲಿ ಹೋಗುತ್ತಾಳೆ? ಎರಡು ರಾತ್ರಿ ಸೆರಗು ಹಿಡಿದು ಮಲಗಿದ್ದು ಅದಕ್ಕೇ ಇರಬಹುದು. ಹೀಗೇ "ತಾತ ಹೋಗಿಬಿಟ್ಟರು" ಎಂದು ಕೇಳಿದ ಮಕ್ಕಳು ತಿಂಗಳುಗಟ್ಟಲೆ ಗೇಟಿನ ಹತ್ತಿರ ಕಾದಿದ್ದನ್ನು ತಂದೆತಾಯಿ ನನ್ನ ಮುಂದೆ ಅತ್ತು ಹೇಳಿದ್ದಾರೆ. ದೊಡ್ಡವರ ಮೃದು ಮಾತುಗಳಲ್ಲಿ ಎರಡನೇ ಅರ್ಥ ಅಡಗಿ ಕೂತಿರುತ್ತದೆ. ಕಾಯಿಲೆ, ಸಾವು, ಜಗಳದ ವಿಷಯದಲ್ಲಿ ಮಗು ತಾನಾಗಿ ಕೇಳುವ ತನಕ ಕಾಯಬೇಡಿ. "ಅವನಿಗೆ ಮೈಮೇಲೆ ಗುಳ್ಳೆ ಎದ್ದಿದೆ, ಜ್ವರ ಇದೆ, ವಾಸಿ ಆಗುತ್ತೆ. ಆ ಕಾಯಿಲೆಗೂ ಅಮ್ಮ ಅಂತಾರೆ. ನಿನ್ನ ಅಮ್ಮ ನಾನು, ಇಲ್ಲೇ ಇರ್ತೀನಿ" ಎಂದು ಇವತ್ತೇ ಹೇಳಿ. ಹಳೆಯದಾಯಿತು, ಮರೆತಿರುತ್ತಾಳೆ ಎಂದು ಬಿಡಬೇಡಿ.

ಟೀಚರ್ ಜೊತೆ ಜಗಳ ಬೇಡ. ಪಟ್ಟಿಯ 12 ಪದಗಳಲ್ಲಿ ಅವಳಿಗೆ ಒಂದಾದರೂ ಅರ್ಥ ಬಳಕೆಯಲ್ಲಿರುವ ನಾಲ್ಕೈದನ್ನು ಮೊದಲು ಮಾಡಿಸಿ ಎಂದು ಕೇಳಿ. ಎರಡೂ ಅರ್ಥ ಹೊಸದಾದ ಪದ ಇದ್ದರೆ ಮುಂದಿನ ವರ್ಷಕ್ಕೆ ಇರಲಿ. ಅರ್ಥ ಒಪ್ಪಿಸುವ ಬದಲು ಒಂದೊಂದು ವಾಕ್ಯ ಹೇಳಿಸಿದರೆ ಸಾಕು.

ಕೊನೆಗೆ, ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಸಾಲು. ನೀವು "ಅಷ್ಟೇ" ಎಂದು ಬರೆದಿದ್ದೀರಿ: ನೆಗಡಿ ಜಾಸ್ತಿ, ಆಗಾಗ ಕಿವಿ ನೋವು. ಪದೇ ಪದೇ ನೆಗಡಿ ಆಗುವ ಮಕ್ಕಳಿಗೆ ಕಿವಿತಮಟೆಯ ಹಿಂದೆ ನೀರು ತುಂಬಿಕೊಳ್ಳುವುದುಂಟು. ಆಗ ಕಿವುಡು ಅನ್ನುವಷ್ಟು ಅಲ್ಲ, ನೀರಿನೊಳಗಿನಿಂದ ಕೇಳಿದ ಹಾಗೆ ಮಂದವಾಗಿ ಕೇಳುತ್ತದೆ. ಒಂದು ವಾರ ಚೆನ್ನಾಗಿ, ಇನ್ನೊಂದು ವಾರ ಕಡಿಮೆ. ಜೋರಾಗಿ ಹೇಳಿದ ಪದ ಕೇಳಿಸುತ್ತದೆ, ಮೆಲ್ಲಗೆ ಹೇಳಿದ ಬಾಲ ತಪ್ಪಿಹೋಗುತ್ತದೆ. ಮೇಲೆ ಹೇಳಿದೆನಲ್ಲ, ಕನ್ನಡದಲ್ಲಿ ಅರ್ಥದ ಸುಳಿವು ಆ ಬಾಲದಲ್ಲೇ ಇರುತ್ತದೆ: ಗೆ, ಅನ್ನು, ತ್ತಿದೆ, ತ್ತಾರೆ. ಅದು ತಪ್ಪಿದ ಮಗು ಗೊತ್ತಿರುವ ಅರ್ಥವನ್ನೇ ಹಿಡಿಯುತ್ತದೆ. ನಿಮ್ಮ ಮಗಳಿಗೆ ಹೀಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಅವಳ "ಯಾರಿಗೆ" ನೋಡಿದರೆ ಕಿವಿ ಚೆನ್ನಾಗೇ ಇರಬಹುದು. ಆದರೆ ಊಹೆಗೆ ಬಿಡುವ ವಿಷಯ ಇದಲ್ಲ. ಮೊದಲು ಕಿವಿ ಮೂಗು ಗಂಟಲು ಡಾಕ್ಟರ್ ಹತ್ತಿರ ತೋರಿಸಿ, ಆಮೇಲೆ ಶ್ರವಣ ಪರೀಕ್ಷೆ ಮಾಡಿಸಿ. ಕಿವಿತಮಟೆ ಎಷ್ಟು ಸಲೀಸಾಗಿ ಅಲುಗಾಡುತ್ತದೆ ಎಂದು ನೋಡುವ ಪರೀಕ್ಷೆಯೂ ಇದೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ದೊಡ್ಡ ಆಸ್ಪತ್ರೆಗಳಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಆಗುತ್ತದೆ. ಟಿವಿ ಸದ್ದು ಜಾಸ್ತಿ ಇಡುತ್ತಾಳಾ, ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾಳಾ, "ಹಾಂ? ಏನು?" ಅನ್ನುವುದು ನೆಗಡಿ ಇದ್ದ ದಿನಗಳಲ್ಲಿ ಹೆಚ್ಚಾಗುತ್ತದಾ, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಿವಿ ಸೋರಿದ ನೆನಪಿದ್ದರೆ ಅದನ್ನೂ ಹೇಳಿ. ಈ ತಿಂಗಳೇ ಮಾಡಿಸಿ.